ಕ್ರೋಮ್ ಎಂಬ ಕಲಾಯಿ

ಆಯುಧಪೂಜೆಯ ಹಿಂದಿನ ಸಂಜೆ ಶಿವನಿಯಂಥ ಊರಿನಲ್ಲಿ ಒಂದು ಸುತ್ತು ಹಾಕಿ ಬನ್ನಿ. ಟ್ರ್ಯಾಕ್ಟರ್, ಟಿಲ್ಲರ್, ಬೈಕು, ಬಾಡಿಗೆ ಕಾರು ಎಲ್ಲವೂ ಅಂಗಳದಲ್ಲಿ ಸ್ನಾನಕ್ಕೆ ಸಾಲುಗಟ್ಟಿ ನಿಂತಿರುತ್ತವೆ. ಒಳಗೆ ದೇವರ ದೀಪ, ಹಿತ್ತಾಳೆ ಬಿಂದಿಗೆ ಬೆಳಗಿ ಉಳಿದ ಹುಣಸೆಹಣ್ಣು, ಬೂದಿ ಹೊರಗೆ ಬಂದು ಬೈಕಿನ ರಿಮ್ಮಿಗೂ ಬೀಳುತ್ತದೆ. ಹೊಳೆಯಬೇಕಾದರೆ ಉಜ್ಜಬೇಕು ಎಂಬುದು ನಮ್ಮ ಅಡುಗೆಮನೆಗಳು ಕಲಿಸಿಕೊಟ್ಟ ಪಾಠ.

ನಾನೂ ಹಾಗೆ ಉಜ್ಜಿದವನೇ. ಅಪ್ಪನ ಹಳೆಯ ಯೆಜ್ಡಿಯ ರಿಮ್ಮಿನ ಮೇಲೆ ನಾಲ್ಕು ತುಕ್ಕಿನ ಚುಕ್ಕೆ ಕಂಡು, ಸ್ಯಾಂಡ್ ಪೇಪರ್ ಹಿಡಿದು ಅರ್ಧ ಗಂಟೆ ತಿಕ್ಕಿದೆ. ಚುಕ್ಕೆ ಹೋಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅಂಗೈಯಗಲ ತುಕ್ಕು ಹಬ್ಬಿತ್ತು. ಅಪ್ಪ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು.

ತಪ್ಪಾದದ್ದು ಎಲ್ಲಿ? ಹಿತ್ತಾಳೆ ಒಳಗೂ ಹೊರಗೂ ಹಿತ್ತಾಳೆಯೇ. ಎಷ್ಟು ಉಜ್ಜಿದರೂ ಕೆಳಗೆ ಮತ್ತೆ ಹಿತ್ತಾಳೆಯೇ ಸಿಗುತ್ತದೆ. ಕ್ರೋಮ್ ಹಾಗಲ್ಲ, ಅದು ಪಾತ್ರೆಯ ಒಳಗಿನ ಕಲಾಯಿಯಂತೆ ಬರೀ ಮೇಲ್ಲೇಪ. ಉಕ್ಕಿನ ಮೇಲೆ ನಿಕ್ಕಲ್ (ಕೆಲವೊಮ್ಮೆ ಅದಕ್ಕೂ ಕೆಳಗೆ ತಾಮ್ರ), ಅದರ ಮೇಲೆ ವಿದ್ಯುತ್ತಿನಿಂದ ಕೂರಿಸಿದ ಕ್ರೋಮಿಯಂ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್. ಅಲಂಕಾರದ ಕ್ರೋಮ್ ಪದರ ಸುಮಾರು ಅರ್ಧ ಮೈಕ್ರಾನ್, ಅನೇಕ ಸಲ ಅದಕ್ಕೂ ಕಡಿಮೆ. ನಮ್ಮ ತಲೆಗೂದಲು ಇದಕ್ಕಿಂತ ನೂರು ಪಟ್ಟಿಗೂ ಹೆಚ್ಚು ದಪ್ಪ.

ಹಿಂದೆ ಕಾರುಗಳಿಗೆ ನಿಕ್ಕಲ್ ಮಾತ್ರ ಹಾಕುತ್ತಿದ್ದರು. ಅದು ಬೇಗ ಮಂಕಾಗುತ್ತಿದ್ದುದರಿಂದ ಮತ್ತೆ ಮತ್ತೆ ಉಜ್ಜಬೇಕಾಗುತ್ತಿತ್ತು. 1920ರ ದಶಕದಲ್ಲಿ ಅಮೆರಿಕದಲ್ಲಿ ಕ್ರೋಮ್ ಲೇಪನ ರೂಢಿಗೆ ಬಂದದ್ದು ಈ ಉಜ್ಜುವ ಕಷ್ಟ ತಪ್ಪಲೆಂದೇ. ಅದನ್ನೇ ನಾವು ಉಜ್ಜಿ ಉಜ್ಜಿ ಸವೆಸುವುದು ತಮಾಷೆಯೇ ಸರಿ! ನಮ್ಮಲ್ಲಿ ಈ ಹೊಳಪನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದ್ದರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಪಾಲು ದೊಡ್ಡದು. 1960ರ ದಶಕದ ಆರಂಭದಿಂದ 1996ರಲ್ಲಿ ಬಾಗಿಲು ಮುಚ್ಚುವವರೆಗೆ ಅಲ್ಲಿಂದ ಜಾವಾ, ಯೆಜ್ಡಿಗಳು ಹೊರಬಂದವು. ಬದಿಗಳಲ್ಲಿ ಕ್ರೋಮ್ ಹೊದ್ದ ಜಾವಾದ ಪೆಟ್ರೋಲ್ ಟ್ಯಾಂಕಿನಲ್ಲಿ ಮುಖ ನೋಡಿ ತಲೆ ಬಾಚಿಕೊಂಡವರು ಈಗಲೂ ಇದ್ದಾರೆ.

ಕ್ರೋಮಿಯಂ ತಾನಾಗಿ ತುಕ್ಕು ಹಿಡಿಯುವುದಿಲ್ಲ. ಆದರೆ ಆ ತೆಳು ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಅಲ್ಲಿಂದ ಇಳಿದ ನೀರು ನಿಕ್ಕಲ್ಲನ್ನೂ ದಾಟಿ ಉಕ್ಕನ್ನು ಮುಟ್ಟಿದರೆ ತುಕ್ಕು ಕೆಳಗಿನಿಂದ ಉಬ್ಬಿ, ಲೇಪವನ್ನೇ ಎಬ್ಬಿಸುತ್ತದೆ. ಹುಣಸೆಯ ಹುಳಿ ಆ ರಂಧ್ರಗಳಲ್ಲಿ ಉಳಿದರೆ ತುಕ್ಕಿಗೆ ದಾರಿ ಇನ್ನೂ ಸುಲಭ. ಚುಕ್ಕೆ ಕಂಡಾಗ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಮುದುರಿ, ನೀರಿನಲ್ಲಿ ಅದ್ದಿ ಹಗುರವಾಗಿ ತಿಕ್ಕಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು. ತುಕ್ಕು ಹೋಗುತ್ತದೆ, ಗೀರು ಬೀಳುವುದಿಲ್ಲ. ಆಮೇಲೆ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಮೇಣದ ಪಾಲಿಶ್ ಹಚ್ಚಿದರೆ ನೀರು ಒಳಗಿಳಿಯುವುದು ತಗ್ಗುತ್ತದೆ.

ಲೇಪವೇ ಎದ್ದುಹೋದರೆ? ಕಲಾಯಿಯವನು ಮನೆ ಬಾಗಿಲಲ್ಲೇ ತಿದಿ ಒತ್ತಿ, ನವಸಾಗರ ಎರಚಿ ಕೆಲಸ ಮುಗಿಸುತ್ತಿದ್ದ. ಕ್ರೋಮ್ ಹಾಗೆ ಬೀದಿಯಲ್ಲಿ ಆಗುವ ಕೆಲಸವಲ್ಲ. ಲೇಪನದ ತೊಟ್ಟಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರಬಲ್ಲ ವಿಷ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಅದು ಪತ್ತೆಯಾಗಿದೆ. ಇದ್ದ ಲೇಪವನ್ನು ಉಳಿಸಿಕೊಳ್ಳುವುದರಲ್ಲಿ ಜೇಬಿನ ಲೆಕ್ಕವಷ್ಟೇ ಇಲ್ಲ.

ಇನ್ನು ಬಣ್ಣದ ಮಾತು. ಈಗಿನ ಕಾರುಗಳ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ, ಹೊಳಪೆಲ್ಲ ಅದರದೇ. ಬೆಳಿಗ್ಗೆ ಎದ್ದು ಒಣ ಬಟ್ಟೆಯಲ್ಲಿ ಧೂಳು ಒರೆಸುವ ಶಿಸ್ತಿನ ಮಾಲೀಕರೇ ಅದಕ್ಕೆ ಮೊದಲ ಶತ್ರುಗಳು. ರಸ್ತೆಯ ಧೂಳೆಂದರೆ ಸಣ್ಣ ಮರಳೇ. ಅದು ಬಟ್ಟೆಯಡಿ ಉರುಳಿ ಜೇಡರ ಬಲೆಯಂಥ ಗೀರು ಮೂಡಿಸುತ್ತದೆ. ಮೊದಲು ನೀರು ಹಾಯಿಸಿ ಧೂಳಿಳಿಸಿ, ಬಳಿಕ ಕಾರ್ ಶಾಂಪೂವಿನಲ್ಲಿ ಅದ್ದಿದ ಮೆತ್ತನೆ ಬಟ್ಟೆ ಮುಟ್ಟಿಸಬೇಕು. ಡೀಸೆಲ್ ಬಟ್ಟೆಯಲ್ಲಿ ಒರೆಸಿದರೆ ಬರುವುದು ಎಣ್ಣೆಯ ಮಿನುಗು; ಸಂಜೆಯೊಳಗೆ ಊರಿನ ಧೂಳೆಲ್ಲ ಅಂಟುತ್ತದೆ. ರಬ್ಬಿಂಗ್ ಕಾಂಪೌಂಡ್ ಗೀರನ್ನು ತೆಗೆಯುವುದು ಸುತ್ತಲಿನ ಪದರವನ್ನು ತುಸು ಸವೆಸಿಯೇ. ವರ್ಷವರ್ಷ ಹಚ್ಚುತ್ತಾ ಹೋದರೆ ಸವೆಯಲು ಪದರವೇ ಉಳಿಯುವುದಿಲ್ಲ. ಹೊಸ ಕಾರುಗಳ ಅಲಾಯ್ ಚಕ್ರಗಳೂ ಬಹುಪಾಲು ಕ್ರೋಮ್ ಅಲ್ಲ, ಬಣ್ಣ ಬಳಿದ ಅಲ್ಯೂಮಿನಿಯಂ ಮಿಶ್ರಲೋಹ. ಬಣ್ಣಕ್ಕೆ ಮಾಡುವ ಉಪಚಾರವೇ ಅವಕ್ಕೂ ಸಾಕು, ಆಸಿಡ್ ಬೇಡ.

ಪೂಜೆಗೆ ಅಡ್ಡಿಯಿಲ್ಲ. ವಿಭೂತಿ ಪಟ್ಟೆಯನ್ನು ಗಾಜಿಗೆ, ಕುಂಕುಮವನ್ನು ನಂಬರ್ ಪ್ಲೇಟಿನ ಮೂಲೆಗೆ ಇಡಿ. ಬಾಳೆಕಂದಿನ ಸೊನೆ, ಚಕ್ರದಡಿ ಸಿಡಿದ ನಿಂಬೆರಸ ಒಣಗಿ ಕೂರುವ ಮುನ್ನ, ಊರಿಗೊಂದು ಸುತ್ತು ಹೊಡೆದು ಬಂದ ಮೇಲೆ ಎರಡು ಬಿಂದಿಗೆ ನೀರು ಹಾಯಿಸಿಬಿಡಿ.