ವಿರಳ ಮಲೇರಿಯಾದ ಹುಡುಕಾಟ

ಸೋಂಕು ಹೇರಳವಾಗಿರುವ ಪ್ರದೇಶದಲ್ಲಿ ಕೆಲವು ನೂರು ಜನರ ರಕ್ತಪರೀಕ್ಷೆಯಿಂದಲೇ ರೋಗದ ವ್ಯಾಪ್ತಿ ತಿಳಿಯುತ್ತದೆ. ಆದರೆ ಸಾವಿರಕ್ಕೆ ಒಬ್ಬರಿಗೂ ಸೋಂಕಿಲ್ಲದ ಕಡೆ ಅಂಥ ಸಮೀಕ್ಷೆಗೆ ಏನೂ ಸಿಗದಿರುವ ಸಂಭವವೇ ಹೆಚ್ಚು, ಹಾಗೆ ಸಿಗದಿರುವುದು ರೋಗವಿಲ್ಲವೆಂಬುದಕ್ಕೆ ಪುರಾವೆಯಾಗದು. ಶ್ರೀಲಂಕಾ ಈ ಪಾಠಕ್ಕೆ ಭಾರಿ ಬೆಲೆ ತೆತ್ತಿತು: 1963ರಲ್ಲಿ ಅಲ್ಲಿ ಪತ್ತೆಯಾದ ಮಲೇರಿಯಾ ಪ್ರಕರಣಗಳು ಕೇವಲ 17, ಆದರೆ ಡಿಡಿಟಿ ಸಿಂಪಡಣೆ ನಿಂತು ನಿಗಾ ಸಡಿಲಗೊಂಡ ಬಳಿಕ, ಆ ದಶಕ ಮುಗಿಯುವ ಮುನ್ನವೇ ಲಕ್ಷಾಂತರ ಜನ ಜ್ವರಕ್ಕೆ ತುತ್ತಾದರು.

ಮಲೇರಿಯಾದ ಎರಡು ಮುಖ್ಯ ಬಗೆಗಳಲ್ಲೊಂದಾದ ವೈವಾಕ್ಸ್‌ನ ಪರಾವಲಂಬಿ ಜೀವಿ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸುಪ್ತವಾಗಿರಬಲ್ಲುದು. ರಕ್ತದಲ್ಲಿ ಅದರ ಸಂಖ್ಯೆ ತೀರ ಕಡಿಮೆಯಿದ್ದರೆ ಸೂಕ್ಷ್ಮದರ್ಶಕಕ್ಕೂ ಕಾಣದು. ಆದ್ದರಿಂದ ಸಂಶೋಧಕರು ಅದರ ಡಿಎನ್‌ಎ ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ ಪಿಸಿಆರ್ ಪರೀಕ್ಷೆಯನ್ನೂ, ಹಿಂದಿನ ಸೋಂಕಿನ ಕುರುಹಾಗಿ ರಕ್ತದಲ್ಲಿ ಉಳಿಯುವ ಪ್ರತಿಕಾಯಗಳ ಅಳತೆಯನ್ನೂ ಅವಲಂಬಿಸುತ್ತಾರೆ. ಊರಿನ ಮಕ್ಕಳಲ್ಲಿ ಈ ಪ್ರತಿಕಾಯಗಳು ಇಲ್ಲವೆಂದರೆ, ಅವರು ಹುಟ್ಟಿದ ಮೇಲೆ ಅಲ್ಲಿ ಸೋಂಕು ಹರಡಿರಲಾರದೆಂದು ಬಹುಮಟ್ಟಿಗೆ ಹೇಳಬಹುದು. ಇಂಥ ಕಡೆ ಒಬ್ಬೊಬ್ಬ ರೋಗಿಯ ವಿಚಾರಣೆಗೂ ಅಪಾರ ಮಹತ್ವವಿದೆ. 2012ರ ಅಕ್ಟೋಬರ್ ನಂತರ ಸ್ಥಳೀಯ ಸೋಂಕು ಕಾಣದ ಶ್ರೀಲಂಕಾವನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಮಲೇರಿಯಾಮುಕ್ತವೆಂದು ಪ್ರಮಾಣೀಕರಿಸಿದರೂ, ರೋಗವಾಹಕ ಅನಾಫಿಲಿಸ್ ಸೊಳ್ಳೆ ಅಲ್ಲಿ ಇನ್ನೂ ಇರುವುದರಿಂದ, ಹೊರದೇಶಗಳಿಂದ ಸೋಂಕು ಹೊತ್ತು ಬರುವವರ ಪತ್ತೆಕಾರ್ಯ ಮುಂದುವರಿದಿದೆ.