ಗಾಲ್ಫ್ ಜಿಟಿಐ ಪುನಶ್ಚೇತನ ಮತ್ತು ಜಿ60 ಎಂಜಿನ್ ಅಳವಡಿಕೆ

ಗಾಲ್ಫ್ ಜಿಟಿಐ ಕಾರಿಗೆ ಜಿ60 ಎಂಜಿನ್ ಅಳವಡಿಕೆ ಎಂದರೆ ಜರ್ಮನಿಯ ವೋಕ್ಸ್‌ವ್ಯಾಗನ್ ಸಂಸ್ಥೆಯ ಮೊದಲ ಪೀಳಿಗೆಯ ಗಾಲ್ಫ್ ಜಿಟಿಐ ಕಾರನ್ನು ಪುನಶ್ಚೇತನಗೊಳಿಸುವಾಗ, ಅದರ ಮೂಲ ಎಂಜಿನ್ನಿಗೆ ಬದಲಾಗಿ ಅದೇ ಸಂಸ್ಥೆಯ ಸೂಪರ್‌ಚಾರ್ಜರ್‌ಸಹಿತ 1.8 ಲೀಟರ್ ಎಂಜಿನ್ನನ್ನು ಜೋಡಿಸುವ ಕಾರ್ಯ. ಎರಡೂ ಎಂಜಿನ್‌ಗಳು ಒಂದೇ ಕುಟುಂಬಕ್ಕೆ ಸೇರಿರುವುದರಿಂದ ಈ ಬದಲಾವಣೆಯು ಯುರೋಪಿನ ಹಳೆಯ ಕಾರುಗಳ ಆಸಕ್ತರಲ್ಲಿ ಪ್ರಚಲಿತವಾಗಿದೆ. ಆದರೆ ಎಂಜಿನ್ನನ್ನು ಕೂರಿಸುವುದು ಈ ಕೆಲಸದ ಒಂದು ಭಾಗ ಮಾತ್ರ. ಹೆಚ್ಚಿದ ಶಕ್ತಿಯನ್ನು ತಡೆದುಕೊಳ್ಳುವಂತೆ ಕಾರಿನ ಬಾಡಿ, ಗೇರ್‌ಬಾಕ್ಸ್, ಬ್ರೇಕ್ ಮತ್ತು ಇಂಧನ ವ್ಯವಸ್ಥೆಗಳನ್ನೂ ಸಿದ್ಧಪಡಿಸಬೇಕಾಗುತ್ತದೆ.

ಹಿನ್ನೆಲೆ

ಇಟಲಿಯ ವಿನ್ಯಾಸಕಾರ ಜಾರ್ಜೆಟ್ಟೊ ಜುಜಾರೊ ರೂಪಿಸಿದ ಗಾಲ್ಫ್ ಕಾರು 1974ರಲ್ಲಿ ಮಾರುಕಟ್ಟೆಗೆ ಬಂದಿತು. ಇದರ ವೇಗದ ಆವೃತ್ತಿಯೊಂದನ್ನು ತಯಾರಿಸುವ ಆಲೋಚನೆಯು ಸಂಸ್ಥೆಯ ಎಂಜಿನಿಯರ್ ಆಲ್ಫೋನ್ಸ್ ಲೋವೆನ್‌ಬರ್ಗ್ ಮತ್ತು ಅವರ ಕೆಲವು ಸಹೋದ್ಯೋಗಿಗಳದು. ಆರಂಭದಲ್ಲಿ ಅವರು ಈ ಕೆಲಸವನ್ನು ಆಡಳಿತವರ್ಗದ ಅಧಿಕೃತ ಆದೇಶವಿಲ್ಲದೆಯೇ ನಡೆಸಿದರು. 1975ರ ಫ್ರಾಂಕ್‌ಫರ್ಟ್ ವಾಹನ ಪ್ರದರ್ಶನದಲ್ಲಿ ಜಿಟಿಐ ಮಾದರಿಯನ್ನು ಪ್ರದರ್ಶಿಸಲಾಯಿತು. 1976ರಲ್ಲಿ ಮಾರಾಟ ಆರಂಭವಾಯಿತು.

ಮೊದಲಿಗೆ 5,000 ಕಾರುಗಳನ್ನಷ್ಟೇ ತಯಾರಿಸುವ ಯೋಜನೆಯಿತ್ತು. ಬೇಡಿಕೆ ನಿರೀಕ್ಷೆಯನ್ನು ಮೀರಿದ್ದರಿಂದ ಮೊದಲ ಪೀಳಿಗೆಯಲ್ಲಿಯೇ 4,60,000ಕ್ಕೂ ಹೆಚ್ಚು ಜಿಟಿಐಗಳು ತಯಾರಾದವು. 1,588 ಸಿಸಿ ಎಂಜಿನ್ 110 ಅಶ್ವಶಕ್ತಿಯನ್ನು ಉತ್ಪಾದಿಸುತ್ತಿತ್ತು. ಕಾರಿನ ತೂಕ ಸುಮಾರು 810 ಕಿ.ಗ್ರಾಂ. ಮಾತ್ರವಿದ್ದುದರಿಂದ ಅದು ಗಂಟೆಗೆ 180 ಕಿ.ಮೀ.ಗೂ ಹೆಚ್ಚಿನ ವೇಗವನ್ನು ತಲುಪಬಲ್ಲದಾಗಿತ್ತು. 1982ರಲ್ಲಿ ಇದರ ಸ್ಥಾನದಲ್ಲಿ 112 ಅಶ್ವಶಕ್ತಿಯ 1,781 ಸಿಸಿ ಎಂಜಿನ್ ಬಂದಿತು. ದಿನಬಳಕೆಯ ಹ್ಯಾಚ್‌ಬ್ಯಾಕ್ ಕಾರಿಗೆ ಕ್ರೀಡಾ ಕಾರಿನ ಸಾಮರ್ಥ್ಯ ನೀಡುವ ‘ಹಾಟ್ ಹ್ಯಾಚ್’ ಎಂಬ ವರ್ಗವನ್ನು ಜನಪ್ರಿಯಗೊಳಿಸಿದ ಕಾರುಗಳಲ್ಲಿ ಇದು ಪ್ರಮುಖವಾದುದು. ಮುಂಭಾಗದ ಜಾಲರಿಯ ಸುತ್ತಲಿನ ಕೆಂಪು ಪಟ್ಟಿ, ಚೌಕುಳಿ ಬಟ್ಟೆಯ ಆಸನಗಳು ಮತ್ತು ಗಾಲ್ಫ್ ಚೆಂಡಿನ ಆಕಾರದ ಗೇರ್ ಹಿಡಿ ಇದರ ಗುರುತುಗಳಾಗಿವೆ. ಕೊನೆಯ ಎರಡು ಅಂಶಗಳು ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ವಿನ್ಯಾಸಕಿಯ ಕೊಡುಗೆ.

ಜಿ60 ಎಂಜಿನ್

ಸೂಪರ್‌ಚಾರ್ಜರ್ ಎಂಬುದು ಗಾಳಿಯನ್ನು ಒತ್ತಡದಿಂದ ಎಂಜಿನ್ನಿನ ಸಿಲಿಂಡರುಗಳಿಗೆ ತುಂಬುವ ಸಾಧನ. ಹೆಚ್ಚು ಗಾಳಿ ಒಳಬಂದಾಗ ಹೆಚ್ಚು ಇಂಧನವನ್ನು ದಹಿಸಬಹುದು; ಹೀಗೆ ಎಂಜಿನ್ನಿನ ಗಾತ್ರವನ್ನು ಹಿಗ್ಗಿಸದೆಯೇ ಶಕ್ತಿಯನ್ನು ಹೆಚ್ಚಿಸಲು ಸಾಧ್ಯವಾಗುತ್ತದೆ. ಟರ್ಬೋಚಾರ್ಜರ್ ಹೊರಬರುವ ಹೊಗೆಯ ಒತ್ತಡದಿಂದ ತಿರುಗಿದರೆ, ಸೂಪರ್‌ಚಾರ್ಜರ್ ಬೆಲ್ಟ್‌ನ ಮೂಲಕ ಕ್ರ್ಯಾಂಕ್‌ಶಾಫ್ಟ್‌ನಿಂದಲೇ ತಿರುಗುತ್ತದೆ. ಆದ್ದರಿಂದ ಕಡಿಮೆ ವೇಗದಲ್ಲಿಯೂ ಅದರ ಪರಿಣಾಮ ತಕ್ಷಣ ದೊರೆಯುತ್ತದೆ. ಅದನ್ನು ತಿರುಗಿಸಲು ಎಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲು ವ್ಯಯವಾಗುವುದು ಇದರ ಕೊರತೆ.

ವೋಕ್ಸ್‌ವ್ಯಾಗನ್ ಬಳಸಿದ ಸಾಧನಕ್ಕೆ ‘ಜಿ-ಲಾಡರ್’ ಎಂದು ಹೆಸರು. ಇದರ ಮೂಲತತ್ತ್ವಕ್ಕೆ ಫ್ರಾನ್ಸಿನ ಎಂಜಿನಿಯರ್ ಲಿಯಾನ್ ಕ್ರೂ 1905ರಲ್ಲಿ ಪೇಟೆಂಟ್ ಪಡೆದಿದ್ದರು. ಸುರುಳಿಯಾಕಾರದ ಗೋಡೆಗಳುಳ್ಳ ಎರಡು ಲೋಹದ ಕವಚಗಳ ನಡುವೆ ಅದೇ ಆಕಾರದ ಇನ್ನೊಂದು ಸುರುಳಿಯು ಚಲಿಸುತ್ತದೆ. ಈ ಸುರುಳಿಯು ಚಕ್ರದಂತೆ ಸುತ್ತುವುದಿಲ್ಲ. ತನ್ನ ದಿಕ್ಕನ್ನು ಬದಲಿಸದೆ ಸಣ್ಣ ವೃತ್ತಾಕಾರದ ಪಥದಲ್ಲಿ ಓಲಾಡುತ್ತದೆ. ಹೊರ ಅಂಚಿನಲ್ಲಿ ಸಿಕ್ಕಿಬಿದ್ದ ಗಾಳಿ ಹೀಗೆ ಕ್ರಮೇಣ ಮಧ್ಯಭಾಗಕ್ಕೆ ತಳ್ಳಲ್ಪಟ್ಟು ಅಲ್ಲಿಂದ ಎಂಜಿನ್ನಿನತ್ತ ಸಾಗುತ್ತದೆ. ಸುರುಳಿಯ ಆಕಾರವು ರೋಮನ್ ಲಿಪಿಯ ‘ಜಿ’ ಅಕ್ಷರವನ್ನು ಹೋಲುವುದರಿಂದ ಈ ಹೆಸರು ಬಂದಿದೆ. 60 ಎಂಬುದು ಸುರುಳಿಯ ಅಗಲವನ್ನು ಮಿಲಿಮೀಟರುಗಳಲ್ಲಿ ಸೂಚಿಸುತ್ತದೆ. ಪೋಲೊ ಕಾರಿನಲ್ಲಿ ಇದರ ಚಿಕ್ಕ ರೂಪವಾದ ಜಿ40 ಬಳಕೆಯಾಗಿತ್ತು.

ಜಿ60 ಎಂಜಿನ್ 1988ರಲ್ಲಿ ಕೊರಾಡೊ ಕಾರಿನೊಂದಿಗೆ ಬಂದಿತು. ಅನಂತರ ಪಸಾಟ್ ಮತ್ತು ಎರಡನೆಯ ಪೀಳಿಗೆಯ ಗಾಲ್ಫ್ ಕಾರುಗಳಲ್ಲಿಯೂ ಬಳಕೆಯಾಯಿತು. 1,781 ಸಿಸಿ ಗಾತ್ರದ ಇದು 160 ಅಶ್ವಶಕ್ತಿ ಮತ್ತು 225 ನ್ಯೂಟನ್ ಮೀಟರ್ ಟಾರ್ಕ್ ನೀಡುತ್ತದೆ. ಒತ್ತಡದ ಗಾಳಿಯಿಂದ ಅಕಾಲಿಕ ದಹನ ಉಂಟಾಗದಿರಲೆಂದು ಇದರ ಸಂಪೀಡನ ಅನುಪಾತವನ್ನು 8:1ಕ್ಕೆ ಇಳಿಸಲಾಗಿತ್ತು. ಮೊದಲ ಪೀಳಿಗೆಯ ಗಾಲ್ಫ್ ಕಾರಿಗೆ ಸಂಸ್ಥೆಯು ಈ ಎಂಜಿನ್ನನ್ನು ಎಂದೂ ಅಳವಡಿಸಿರಲಿಲ್ಲ.

ಬಾಡಿಯ ಪುನಶ್ಚೇತನ

ಪುನಶ್ಚೇತನವು ಎಂಜಿನ್ನಿನಿಂದಲ್ಲ, ಬಾಡಿಯಿಂದ ಆರಂಭವಾಗಬೇಕಾಗುತ್ತದೆ. ಗಾಲ್ಫ್ ಕಾರಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಉಕ್ಕಿನ ತಗಡುಗಳ ಬೆಸುಗೆಯಿಂದಾದ ಬಾಡಿಯೇ ಎಲ್ಲ ಭಾರವನ್ನೂ ಹೊರುತ್ತದೆ. ಆದುದರಿಂದ ತುಕ್ಕು ಇಲ್ಲಿ ಕೇವಲ ಅಂದದ ಸಮಸ್ಯೆಯಲ್ಲ. ಯುರೋಪಿನ ಮಳೆ ಮತ್ತು ಚಳಿಗಾಲದಲ್ಲಿ ರಸ್ತೆಗಳಿಗೆ ಹಾಕುವ ಉಪ್ಪಿನಿಂದಾಗಿ ಮೊದಲ ಪೀಳಿಗೆಯ ಬಹಳಷ್ಟು ಗಾಲ್ಫ್ ಕಾರುಗಳು ತುಕ್ಕು ಹಿಡಿದು ನಾಶವಾಗಿವೆ.

ಬಾಗಿಲುಗಳ ಕೆಳಗಿನ ಪೆಟ್ಟಿಗೆಯಾಕಾರದ ತೊಲೆಗಳು, ಹಿಂಬದಿಯ ಚಕ್ರಗಳ ಮೇಲಿನ ಕಮಾನು, ಮುಂಭಾಗದ ಗಾಜಿನ ಚೌಕಟ್ಟು, ಬ್ಯಾಟರಿ ಇರಿಸುವ ತಟ್ಟೆ ಮತ್ತು ಮುಂಬದಿಯ ಸಸ್ಪೆನ್ಷನ್ ಗೋಪುರಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು. ಇಂಧನ ತುಂಬುವ ಕೊಳವೆಗೆ ತುಕ್ಕು ಹಿಡಿಯುವುದು ಈ ಕಾರಿನ ಪ್ರಸಿದ್ಧ ದೋಷ. ಅಲ್ಲಿಂದ ಉದುರುವ ಕಣಗಳು ಟ್ಯಾಂಕ್ ಸೇರಿ ಪಂಪ್ ಮತ್ತು ಇಂಜೆಕ್ಟರುಗಳನ್ನು ಹಾಳುಮಾಡುತ್ತವೆ. ತುಕ್ಕು ಹಿಡಿದ ಭಾಗದ ಮೇಲೆ ಲೇಪನ ಬಳಿದು ಮುಚ್ಚುವುದು ಪರಿಹಾರವಲ್ಲ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆಯಬೇಕು. ಬಳಿಕ ಪ್ರೈಮರ್ ಹಚ್ಚಿ, ಟೊಳ್ಳು ಭಾಗಗಳೊಳಗೆ ಮೇಣದ ದ್ರಾವಣವನ್ನು ಸಿಂಪಡಿಸಲಾಗುತ್ತದೆ.

ಎಂಜಿನ್ ಜೋಡಣೆ

ಮೂಲ ಜಿಟಿಐ ಎಂಜಿನ್ ಮತ್ತು ಜಿ60 ಎರಡೂ ‘ಇಎ827’ ಎಂಬ ನಾಲ್ಕು ಸಿಲಿಂಡರುಗಳ ಎಂಜಿನ್ ಕುಟುಂಬಕ್ಕೆ ಸೇರಿವೆ. ಇದೇ ಕಾರಣದಿಂದ ಬಾಡಿಯ ಮುಖ್ಯ ರಚನೆಯನ್ನು ಬದಲಿಸದೆ ಎಂಜಿನ್ನನ್ನು ಕೂರಿಸಬಹುದು. ಆದರೂ ಕೆಳಗಿನ ವ್ಯವಸ್ಥೆಗಳನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ.

ಇಂಧನ ಮತ್ತು ಕಿಡಿ: ಹಳೆಯ ಜಿಟಿಐ ಕಾರಿನಲ್ಲಿದ್ದ ಬಾಷ್ ಕೆ-ಜೆಟ್ರಾನಿಕ್ ಯಾಂತ್ರಿಕ ವ್ಯವಸ್ಥೆ. ಜಿ60 ಎಂಜಿನ್ನಿನದು ಡಿಜಿಫ್ಯಾಂಟ್ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆ. ಇದರ ನಿಯಂತ್ರಣ ಘಟಕವು ಸಣ್ಣ ಕೊಳವೆಯೊಂದರ ಮೂಲಕ ಎಂಜಿನ್ನಿಗೆ ಸೇರುವ ಗಾಳಿಯ ಒತ್ತಡವನ್ನು ಅಳೆಯುತ್ತದೆ. ಆದ್ದರಿಂದ ಎಂಜಿನ್ನಿನೊಂದಿಗೆ ತಂತಿಗಳ ಜಾಲ, ನಿಯಂತ್ರಣ ಘಟಕ ಮತ್ತು ಸಂವೇದಕಗಳನ್ನೂ ವರ್ಗಾಯಿಸಬೇಕು. ಕೊಳವೆ ಬಿರುಕುಬಿಟ್ಟು ಒತ್ತಡದ ಅಳತೆ ತಪ್ಪಿದರೆ ಇಂಧನದ ಪ್ರಮಾಣವೂ ತಪ್ಪುತ್ತದೆ. ಇಂಧನ ಕಡಿಮೆಯಾದಾಗ ದಹನದ ಶಾಖ ಏರಿ ಪಿಸ್ಟನ್‌ಗಳು ಕರಗುವ ಅಪಾಯವಿದೆ.

ಗಾಳಿಯ ತಂಪಾಗಿಸುವಿಕೆ: ಒತ್ತಲ್ಪಟ್ಟ ಗಾಳಿ ಬಿಸಿಯಾಗುತ್ತದೆ, ಬಿಸಿ ಗಾಳಿಯ ಸಾಂದ್ರತೆ ಕಡಿಮೆ. ಅದನ್ನು ತಂಪಾಗಿಸಲು ಇಂಟರ್‌ಕೂಲರ್ ಅಗತ್ಯ. ಹಳೆಯ ಗಾಲ್ಫ್ ಕಾರಿನ ಮುಂಭಾಗದಲ್ಲಿ ಇದಕ್ಕೆ ಜಾಗ ಕಡಿಮೆ. ರೇಡಿಯೇಟರಿಗೆ ಹೋಗುವ ಗಾಳಿಗೆ ಅಡ್ಡಿಯಾಗದಂತೆ ಅದನ್ನು ಇರಿಸಬೇಕಾಗುತ್ತದೆ.

ಗೇರ್‌ಬಾಕ್ಸ್: ಹಳೆಯ ‘020’ ಗೇರ್‌ಬಾಕ್ಸ್ ಮೂಲ ಎಂಜಿನ್ನಿನ ಟಾರ್ಕ್‌ಗೆ ತಕ್ಕಂತೆ ರಚಿತವಾದದ್ದು. ಜಿ60 ಕಾರುಗಳಲ್ಲಿ ಹೆಚ್ಚು ಬಲವಾದ ‘02ಎ’ ಗೇರ್‌ಬಾಕ್ಸ್ ಇತ್ತು. ಇದನ್ನು ಬಳಸಿದರೆ ದಂಡಗಳ ಬದಲು ಕೇಬಲ್‌ಗಳಿಂದ ಗೇರ್ ಬದಲಿಸುವ ವ್ಯವಸ್ಥೆ, ಹೈಡ್ರಾಲಿಕ್ ಕ್ಲಚ್ ಮತ್ತು ಹೊಂದುವ ಡ್ರೈವ್‌ಶಾಫ್ಟ್‌ಗಳು ಬೇಕಾಗುತ್ತವೆ.

ಬ್ರೇಕ್: ಮೂಲ ಜಿಟಿಐ ಕಾರಿನ ಹಿಂಬದಿಯ ಚಕ್ರಗಳಿಗೆ ಡ್ರಮ್ ಬ್ರೇಕ್‌ಗಳಿವೆ. ಸಾಮಾನ್ಯವಾಗಿ ಮುಂದೆ ದೊಡ್ಡ ಡಿಸ್ಕ್‌ಗಳನ್ನೂ ಹಿಂದೆ ಅನಂತರದ ಮಾದರಿಗಳ ಡಿಸ್ಕ್‌ಗಳನ್ನೂ ಅಳವಡಿಸಲಾಗುತ್ತದೆ. ಬ್ರಿಟನ್ನಿನಂತಹ ದೇಶಗಳಿಗಾಗಿ ತಯಾರಾದ ಬಲಬದಿ ಸ್ಟೀರಿಂಗ್‌ನ ಕಾರುಗಳಲ್ಲಿ ಬ್ರೇಕ್ ಸರ್ವೋ ಎಡಬದಿಯಲ್ಲಿಯೇ ಉಳಿದಿದ್ದು, ಪೆಡಲ್‌ನ ಒತ್ತಡ ಅಡ್ಡದಂಡವೊಂದರ ಮೂಲಕ ಅದಕ್ಕೆ ತಲುಪುತ್ತದೆ. ಈ ದಂಡದ ಬಾಗುವಿಕೆ ಮತ್ತು ಸಡಿಲಿಕೆಯಿಂದ ಬ್ರೇಕ್‌ನ ಸ್ಪಂದನೆ ಮಂದವಾಗುವುದರಿಂದ ಅದನ್ನು ಮೊದಲು ಸರಿಪಡಿಸುವುದು ಅವಶ್ಯ.

ಸೂಪರ್‌ಚಾರ್ಜರ್‌ನ ನಿರ್ವಹಣೆ

ಜಿ-ಲಾಡರ್ ನಿಯತ ಕಾಲಕ್ಕೆ ಬಿಚ್ಚಿ ಪರಿಶೀಲಿಸಬೇಕಾದ ಸಾಧನ. ಸುರುಳಿಯ ಅಂಚುಗಳಲ್ಲಿ ಗಾಳಿ ಸೋರದಂತೆ ತಡೆಯುವ ತೆಳುವಾದ ಪಟ್ಟಿಗಳಿವೆ. ಅವು ಕ್ರಮೇಣ ಸವೆಯುತ್ತವೆ. ಒಳಗಿನ ಎರಡು ಶಾಫ್ಟ್‌ಗಳನ್ನು ಹೊಂದಿಸಿ ತಿರುಗಿಸುವ ಹಲ್ಲಿನ ಬೆಲ್ಟ್, ಬೇರಿಂಗ್‌ಗಳು ಮತ್ತು ಆಯಿಲ್ ಸೀಲ್‌ಗಳನ್ನೂ ಬದಲಿಸಬೇಕಾಗುತ್ತದೆ. ಬೆಲ್ಟ್ ಕಡಿದರೆ ಅಥವಾ ಬೇರಿಂಗ್ ಕೆಟ್ಟರೆ ಸುರುಳಿಯು ಕವಚಕ್ಕೆ ಬಡಿದು ಒಡೆಯುತ್ತದೆ. ಒಡೆದ ಲೋಹದ ತುಣುಕುಗಳು ಗಾಳಿಯೊಂದಿಗೆ ಎಂಜಿನ್ನಿನತ್ತ ಸಾಗಬಹುದು.

ಶಕ್ತಿ ಹೆಚ್ಚಿಸುವ ಸುಲಭ ಮಾರ್ಗವೆಂದರೆ ಸೂಪರ್‌ಚಾರ್ಜರ್‌ನ ಪುಲ್ಲಿಯನ್ನು ಚಿಕ್ಕದಾಗಿಸುವುದು. ಮೂಲ ಪುಲ್ಲಿಯ ವ್ಯಾಸ 78 ಮಿ.ಮೀ. ಅದರ ಬದಲು 68 ಮಿ.ಮೀ. ಪುಲ್ಲಿ ಬಳಸಿದರೆ ಸಾಧನವು ಸುಮಾರು 15 ಪ್ರತಿಶತ ಹೆಚ್ಚು ವೇಗದಲ್ಲಿ ತಿರುಗಿ ಒತ್ತಡ ಏರುತ್ತದೆ. ಇದರೊಂದಿಗೆ ಸವೆತ ಮತ್ತು ಶಾಖವೂ ಹೆಚ್ಚುತ್ತವೆ. ಆದ್ದರಿಂದ ಚಿಕ್ಕ ಪುಲ್ಲಿ ಬಳಸುವವರು ನಿಯಂತ್ರಣ ಘಟಕದ ಇಂಧನ ಮತ್ತು ಕಿಡಿಯ ಲೆಕ್ಕಗಳನ್ನು ತಿದ್ದುವುದರ ಜೊತೆಗೆ, ಸೂಪರ್‌ಚಾರ್ಜರನ್ನು ಇನ್ನೂ ಬೇಗ ಬೇಗ ಪರಿಶೀಲಿಸಬೇಕು.

ಕಾನೂನು ಮತ್ತು ನೋಂದಣಿ

ಎಂಜಿನ್ ಬದಲಾವಣೆಗೆ ಸಂಬಂಧಿಸಿದ ನಿಯಮಗಳು ದೇಶದಿಂದ ದೇಶಕ್ಕೆ ಭಿನ್ನವಾಗಿವೆ. ಬ್ರಿಟನ್ನಿನಲ್ಲಿ ಹೊಸ ಎಂಜಿನ್ನಿನ ಸಂಖ್ಯೆ ಮತ್ತು ಗಾತ್ರವನ್ನು ವಾಹನ ನೋಂದಣಿ ಸಂಸ್ಥೆಗೆ ತಿಳಿಸಬೇಕು. ಜರ್ಮನಿಯಲ್ಲಿ ಇಂತಹ ಬದಲಾವಣೆಯನ್ನು ಮಾನ್ಯತೆ ಪಡೆದ ಪರೀಕ್ಷಕರು ಪರಿಶೀಲಿಸಿ ಒಪ್ಪಬೇಕು. ಅಲ್ಲಿ ಕನಿಷ್ಠ 30 ವರ್ಷ ಹಳೆಯದಾದ, ಮೂಲ ಸ್ಥಿತಿಗೆ ಹತ್ತಿರವಾಗಿರುವ ವಾಹನಗಳಿಗೆ ಐತಿಹಾಸಿಕ ವಾಹನದ ವಿಶೇಷ ನೋಂದಣಿ ಲಭ್ಯವಿದೆ. ಮಾರ್ಪಾಡುಗಳು ಆ ವಾಹನದ ಕಾಲಕ್ಕೆ ಹೊಂದುತ್ತವೆಯೇ ಎಂಬುದನ್ನು ಇದಕ್ಕಾಗಿ ಪರಿಗಣಿಸಲಾಗುತ್ತದೆ.

ಮೂಲಸ್ವರೂಪದ ಪ್ರಶ್ನೆ

ಉಳಿದಿರುವ ಕಾರುಗಳ ಸಂಖ್ಯೆ ಕಡಿಮೆಯಾಗುತ್ತಿರುವಂತೆ ಈ ಅಳವಡಿಕೆಯ ಕುರಿತ ಭಿನ್ನಾಭಿಪ್ರಾಯವೂ ಬೆಳೆದಿದೆ. ಮೂಲ ಎಂಜಿನ್ ಮತ್ತು ಮೂಲ ಬಣ್ಣವನ್ನು ಉಳಿಸಿಕೊಂಡ ಜಿಟಿಐ ಒಂದು ಐತಿಹಾಸಿಕ ದಾಖಲೆ. ಎಂಜಿನ್ ಬದಲಿಸಿದರೆ ಆ ಮೌಲ್ಯ ಕುಗ್ಗುತ್ತದೆ ಎಂಬುದು ಒಂದು ವಾದ. ಎಂಜಿನ್ ಈಗಾಗಲೇ ಕಳೆದುಹೋಗಿರುವ, ಗುಜರಿ ಸೇರಬಹುದಾದ ಕಾರಿಗೆ ಅದೇ ಸಂಸ್ಥೆಯ ಎಂಜಿನ್ ಅಳವಡಿಸುವುದರಿಂದ ಕಾರು ಉಳಿಯುತ್ತದೆ ಎಂಬುದು ಇನ್ನೊಂದು ವಾದ. ಇವೆರಡರ ನಡುವೆ ಹಿಂತಿರುಗಿಸಬಲ್ಲ ಮಾರ್ಪಾಡಿನ ಮಾರ್ಗವೂ ಇದೆ. ಇದರಲ್ಲಿ ಬಾಡಿಯನ್ನು ಕತ್ತರಿಸದೆ, ತೆಗೆದ ಎಂಜಿನ್, ಗೇರ್‌ಬಾಕ್ಸ್ ಮತ್ತು ಇಂಧನ ವ್ಯವಸ್ಥೆಯನ್ನು ಎಣ್ಣೆ ಸವರಿ ಜೋಪಾನವಾಗಿ ಇಟ್ಟುಕೊಳ್ಳಲಾಗುತ್ತದೆ. ಪ್ರತಿ ಹಂತದ ಚಿತ್ರಗಳನ್ನೂ ಬದಲಾದ ಭಾಗಗಳ ಪಟ್ಟಿಯನ್ನೂ ದಾಖಲಿಸಲಾಗುತ್ತದೆ. ಮುಂದಿನ ಮಾಲೀಕರು ಬಯಸಿದಲ್ಲಿ ಕಾರನ್ನು ಮತ್ತೆ ಅದರ ಮೂಲ ರೂಪಕ್ಕೆ ತರಲು ಇದರಿಂದ ಸಾಧ್ಯವಾಗುತ್ತದೆ.