ಕಾಫಿ ಫಿಲ್ಟರಿನ ವಿಜ್ಞಾನ

ಸಂಗೊಳ್ಳಿ, ಬೈಲಹೊಂಗಲದ ಕಡೆ ಚಹಾದ್ದೇ ರಾಜ್ಯ. ಆದರೂ ಪರೀಕ್ಷೆ ಬಂತೆಂದರೆ ನಿದ್ದೆ ತಡೆಯಲು ಕಾಫಿ ಕೇಳುವ ಮಕ್ಕಳಿದ್ದಾರೆ. ಮನೆಯಲ್ಲಿ ಫಿಲ್ಟರ್ ಇದ್ದರೆ ಅದೊಂದು ಪುಟ್ಟ ಪ್ರಯೋಗಶಾಲೆ.

ಮೇಲಿನ ಪಾತ್ರೆಯ ತಳದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅದರಲ್ಲಿ ಪುಡಿ ಹಾಕಿ, ಹಗುರಾಗಿ ಒತ್ತಿ, ಕುದಿ ಇಳಿದ ನೀರು ಸುರಿಯಬೇಕು. ನೀರು ಮೆಲ್ಲನೆ ಇಳಿಯುತ್ತ ಸಾರವನ್ನು ಕರಗಿಸಿಕೊಳ್ಳುತ್ತದೆ. ಪುಡಿ ತೀರ ನುಣ್ಣಗಿದ್ದರೆ ನೀರು ತಡೆದು ಡಿಕಾಕ್ಷನ್ ಕಹಿಯಾಗುತ್ತದೆ. ತರಿಯಾದರೆ ಬೇಗ ಸೋರಿ ತೆಳುವಾಗುತ್ತದೆ. ಡಿಕಾಕ್ಷನ್ ಕುದಿಸಿದರೆ ಪರಿಮಳ ಆವಿಯಾಗುತ್ತದೆ. ಹಾಲನ್ನಷ್ಟೇ ಕಾಯಿಸಿ ಬೆರೆಸಬೇಕು.

ಕಾಫಿಯ ಕೆಫೀನ್ ದೊಡ್ಡವರ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ರಾತ್ರಿ 9ಕ್ಕೆ ಕುಡಿದದ್ದರಲ್ಲಿ ಅರ್ಧದಷ್ಟು 2 ಗಂಟೆಗೂ ಉಳಿದಿರುತ್ತದೆ. ಓದಿದ್ದು ನೆನಪಿನಲ್ಲಿ ನೆಲೆಯೂರುವುದು ನಿದ್ದೆಯಲ್ಲೇ. ಆದ್ದರಿಂದ ಪಾಲಕರು ಕಾಫಿಯ ಹದದಷ್ಟೇ ಹೊತ್ತನ್ನೂ ನೋಡಬೇಕು: ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳಿಗೆ ಬೇಕಾದದ್ದು ಕಾಫಿಯಲ್ಲ, ಹಾಸಿಗೆ.